ಉಸುಕಿನ ಬಿಸ್ಕತ್ತು

ವಿಜಯಪುರ ಜಿಲ್ಲೆಯ ಉತ್ತರ ಭಾಗದಲ್ಲಿ, ಭೀಮೆಯ ಸೀಮೆಯಲ್ಲಿ, ಹಲಸಂಗಿಯೆಂಬ ಊರಿದೆ. ಕನ್ನಡ ಓದುಗರಿಗೆ ಈ ಹೆಸರು ಹೊಸದಲ್ಲ. ಮಧುರಚೆನ್ನರೂ ಅವರ ಗೆಳೆಯರೂ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ತ್ರಿಪದಿಗಳನ್ನು ಕೂಡಿಸಿ, 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದುದು ಈ ಊರಿನ ಕೀರ್ತಿಗೆ ಕಾರಣ. ಹಾಡಿನ ವಿಚಾರವಾಗಿ ಪಂಡಿತರು ಸಾಕಷ್ಟು ಬರೆದಿದ್ದಾರೆ. ಹಾಡಿನ ಜೊತೆಗೆ ಕಲ್ಲಿನ ಸುತ್ತ ಬೀಳುತ್ತಿದ್ದ ಹಿಟ್ಟಿನ ವಿಚಾರವಾಗಿ ಬರೆದವರು ಕಡಿಮೆ. ಈ ಲೇಖನ ಹಿಟ್ಟಿಗೆ ಸಂಬಂಧಪಟ್ಟದ್ದು.

ನನ್ನ ಆಯಿ ಹಲಸಂಗಿಯವಳು. ಅವಳಿಗೀಗ ಎಂಬತ್ತು ದಾಟಿದೆ. ಬಾಯಲ್ಲಿ ಉಳಿದಿರುವ ಹಲ್ಲು ನಾಲ್ಕು. ದೀಪಾವಳಿಯಲ್ಲಿ ಚಕ್ಕಲಿ, ಕರಚಿಕಾಯಿ, ಶಂಕರಪಾಳಿ, ಶೇಂಗಾದ ಉಂಡಿಗಳನ್ನು ತುಂಬಿದ ತಾಟು ಅವಳ ಮುಂದೆ ಬಂದರೆ, ಅದನ್ನು ಹಾಗೆಯೇ ಮೊಮ್ಮಕ್ಕಳ ಕಡೆಗೆ ಸರಿಸಿಬಿಡುತ್ತಾಳೆ. ಒಂದು ಹಬ್ಬದಲ್ಲಿ ನನ್ನನ್ನು ಕರೆದು, “ತಮ್ಮಾ, ನೀ ಕಾಲೇಜಿನಾಗ ಹುಡುಗರಿಗೆ ಇಷ್ಟೆಲ್ಲಾ ಕಲಿಸ್ತಿ. ಹಲ್ಲಿಲ್ಲದವರ ಬಾಯಾಗ ತಾನ ಉದುರೂವಂಥಾದ್ದು ಏನರ ಒಂದು ಮಾಡಿ ಕೊಡು ನೋಡೂಣು” ಎಂದಳು. ಅವಳು ಹಾಸ್ಯಕ್ಕೆ ಹೇಳಿದ್ದಿರಬಹುದು. ಆದರೆ ಭೌತವಿಜ್ಞಾನವನ್ನು ಪಾಠ ಹೇಳುವವನಿಗೆ ಇದಕ್ಕಿಂತ ಸ್ಪಷ್ಟವಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಗಟ್ಟಿಯಾಗಿ ನಿಲ್ಲಬೇಕು, ಕೈಯಲ್ಲಿ ಹಿಡಿದರೆ ಮುರಿಯಬಾರದು, ಬಾಯಲ್ಲಿಟ್ಟರೆ ಒತ್ತಡವಿಲ್ಲದೆ ಪುಡಿಯಾಗಬೇಕು. ಇಂಥ ಘನಪದಾರ್ಥವನ್ನು ಮಾಡುವುದು ಹೇಗೆ?

ಫ್ರಾನ್ಸ್ ದೇಶದವರು ಇದಕ್ಕೆ ಬಹುಕಾಲದ ಹಿಂದೆಯೇ ಉತ್ತರ ಕಂಡುಕೊಂಡಿದ್ದಾರೆ. ಅವರಲ್ಲಿ ‘ಸಾಬ್ಲೆ’ ಎಂಬ ಬಿಸ್ಕತ್ತು ಮನೆಮನೆಯಲ್ಲಿಯೂ ಆಗುತ್ತದೆ. ಫ್ರೆಂಚ್ ಭಾಷೆಯಲ್ಲಿ ‘ಸಾಬ್ಲ್’ ಎಂದರೆ ಮರಳು, ನಮ್ಮ ಕಡೆಯ ಮಾತಿನಲ್ಲಿ ಉಸುಕು. ‘ಸಾಬ್ಲೆ’ ಎಂದರೆ ಉಸುಕಿನಂತಾದದ್ದು. ಸಾರ್ತ್ ನದಿಯ ದಂಡೆಯ ಮೇಲೆ ಸಾಬ್ಲೆ ಎಂಬ ಊರೂ ಒಂದಿದೆ. ಬಿಸ್ಕತ್ತಿನ ಹೆಸರು ತಮ್ಮ ಊರಿನದೆಂದು ಅಲ್ಲಿಯವರ ಹೇಳಿಕೆ. ಆ ವ್ಯಾಜ್ಯ ನಮಗೆ ಬೇಡ. ಬ್ರಿಟನಿ ಪ್ರಾಂತದವರು ಉಪ್ಪು ಬೆರೆತ ಬೆಣ್ಣೆ ಹಾಕಿ ದಪ್ಪನಾಗಿ ಮಾಡುತ್ತಾರೆ. ಅನೇಕರು ಮೊಟ್ಟೆಯ ಹಳದಿಯನ್ನು ಸೇರಿಸುತ್ತಾರೆ. ಆಯಿಯ ಒಲೆಯ ಹತ್ತಿರ ಮೊಟ್ಟೆ ಸುಳಿಯುವಂತಿಲ್ಲವಾದ್ದರಿಂದ ನಾನು ಅದನ್ನು ಬಿಟ್ಟು, ಸ್ಕಾಟ್ಲೆಂಡಿನವರು ಇದೇ ಜಾತಿಯ ಬಿಸ್ಕತ್ತಿಗೆ ಬಳಸುವ ಸರಳ ಪ್ರಮಾಣವನ್ನು ಹಿಡಿದೆ: ತೂಕದಲ್ಲಿ ಹಿಟ್ಟು ಮೂರು ಪಾಲು, ಬೆಣ್ಣೆ ಎರಡು ಪಾಲು, ಸಕ್ಕರೆ ಒಂದು ಪಾಲು. 150 ಗ್ರಾಂ ಮೈದಾ, 100 ಗ್ರಾಂ ಬೆಣ್ಣೆ, 50 ಗ್ರಾಂ ಪುಡಿಸಕ್ಕರೆ, ಚಿಟಿಕೆ ಉಪ್ಪು. ಒಟ್ಟು 300 ಗ್ರಾಂ. ಮುಂದಿನ ಲೆಕ್ಕಗಳೆಲ್ಲ ಈ ಪ್ರಮಾಣವನ್ನೇ ಆಧರಿಸಿವೆ.

ನಮ್ಮ ದೇಶದಲ್ಲಿ ಇದಕ್ಕೆ ಸೋದರನೊಬ್ಬನಿದ್ದಾನೆ, ಅವನು ನಾನಖಟಾಯಿ. ಡಚ್ ವರ್ತಕರು ಸೂರತ್ತಿನಲ್ಲಿ ಬಿಟ್ಟುಹೋದ ಒಲೆಗಳಿಂದ ಅದು ಹುಟ್ಟಿತೆಂದು ಹೇಳುವುದುಂಟು. ನಾನು ಚಿಕ್ಕವನಾಗಿದ್ದಾಗ ಹಿಟ್ಟು, ತುಪ್ಪ, ಸಕ್ಕರೆಗಳನ್ನು ಮನೆಯಿಂದಲೇ ಒಯ್ದು ಬೇಕರಿಯ ಭಟ್ಟಿಯಲ್ಲಿ ನಾನಖಟಾಯಿ ಸುಡಿಸಿ, ಪತ್ರಾದ ಡಬ್ಬಿಯಲ್ಲಿ ತುಂಬಿಕೊಂಡು ಬರುವ ರೂಢಿ ನಮ್ಮ ಕಡೆ ಇತ್ತು. ಭಟ್ಟಿಯವನು ಸುಡುವುದನ್ನಷ್ಟೇ ಮಾಡುತ್ತಿದ್ದ. ಸುಟ್ಟದ್ದು ಹಾಳಾದರೆ ದೋಷ ಹಿಟ್ಟು ಕಲಸಿದವರದು.

ನನ್ನ ಮೊದಲನೆಯ ಪ್ರಯತ್ನ ಹಾಳಾದದ್ದೂ ಹಾಗೆಯೇ. ಚಪಾತಿಗೆ ಕಲಸುವಂತೆ ಹಿಟ್ಟಿಗೆ ನೀರು ಹಾಕಿ, ಚೆನ್ನಾಗಿ ನಾದಿ, ಕಡೆಯಲ್ಲಿ ಬೆಣ್ಣೆ ಬೆರೆಸಿದೆ. ಬಂದದ್ದು ಬಿಸ್ಕತ್ತಲ್ಲ, ಹಂಚಿನ ಚೂರು. ಆಯಿ ಅದನ್ನು ಕಲ್ಲಿಗೆ ಬಡಿದು ಸಪ್ಪಳ ಕೇಳಿ, ಏನೂ ಅನ್ನದೆ ಕೆಳಗಿಟ್ಟಳು.

ದೋಷ ಎಲ್ಲಿದೆಯೆಂಬುದನ್ನು ಓದುಗರು ಒಂದು ಸಣ್ಣ ಪ್ರಯೋಗದಿಂದ ತಾವೇ ಕಾಣಬಹುದು. ಒಂದು ಹಿಡಿ ಗೋಧಿಹಿಟ್ಟಿಗೆ ನೀರು ಹಾಕಿ ನಾದಿ ಉಂಡೆ ಮಾಡಿ, ಅರ್ಧ ತಾಸು ಬಿಡಿರಿ. ಆಮೇಲೆ ಅದನ್ನು ನೀರಿನ ಸಣ್ಣ ಧಾರೆಯ ಕೆಳಗೆ ಹಿಡಿದು ಮೆಲ್ಲನೆ ಹಿಸುಕುತ್ತ ತೊಳೆಯಿರಿ. ಹಾಲಿನಂಥ ನೀರು ಹರಿದುಹೋಗುತ್ತದೆ, ಅದು ಪಿಷ್ಟ. ನೀರು ತಿಳಿಯಾಗುವ ಹೊತ್ತಿಗೆ ಕೈಯಲ್ಲಿ ಬೂದುಬಣ್ಣದ, ರಬ್ಬರಿನಂತೆ ಎಳೆದರೆ ಹಿಗ್ಗುವ ಮುದ್ದೆಯೊಂದು ಉಳಿದಿರುತ್ತದೆ. ಇಟಲಿಯ ಬೊಲೊನ್ಯಾ ನಗರದ ಬೆಕ್ಕಾರಿ ಎಂಬ ವಿದ್ವಾಂಸನು ಈ ಪ್ರಯೋಗವನ್ನು ಮಾಡಿದ ವೃತ್ತಾಂತ 1745ರಲ್ಲಿ ಅಚ್ಚಾಯಿತು. ಈ ಮುದ್ದೆಯೇ ಗ್ಲೂಟೆನ್. ಗೋಧಿಯಲ್ಲಿರುವ ಗ್ಲಿಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳು ಒಣ ಹಿಟ್ಟಿನಲ್ಲಿ ಬೇರೆ ಬೇರೆಯಾಗಿ ಸುಮ್ಮನಿರುತ್ತವೆ. ನೀರು ಸೋಕಿ, ನಾದುವ ಕೈಯ ಬಲ ಸಿಕ್ಕಿತೆಂದರೆ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಚಪಾತಿ ಹರಿಯದೆ ತೆಳ್ಳಗೆ ಲಟ್ಟಿಸಲು ಬರುವುದು ಈ ಬಲೆಯಿಂದ. ನನ್ನ ಬಿಸ್ಕತ್ತು ಹಂಚಿನ ಚೂರಾದದ್ದೂ ಇದರಿಂದಲೇ. ಬಲೆಯನ್ನು ಒಲೆಯ ಮೇಲೆ ಒಣಗಿಸಿದರೆ ಗಟ್ಟಿಯಾಗದೆ ಮತ್ತೇನಾದೀತು?

ಇದೇ ಪ್ರಯೋಗವನ್ನು ಜೋಳದ ಹಿಟ್ಟಿನಿಂದ ಮಾಡಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಜೋಳದಲ್ಲಿಯೂ ಪ್ರೋಟೀನು ಇದೆ, ಆದರೆ ಕ್ಯಾಫಿರಿನ್ ಎಂಬ ಆ ಪ್ರೋಟೀನು ಇಂಥ ಬಲೆ ಹೆಣೆಯುವುದಿಲ್ಲ. ಆದ್ದರಿಂದಲೇ ರೊಟ್ಟಿಯ ಹಿಟ್ಟಿಗೆ ನಮ್ಮ ಹೆಣ್ಣುಮಕ್ಕಳು ಕುದಿಯುವ ಎಸರು ಹಾಕುತ್ತಾರೆ. ಬಿಸಿನೀರಿನಲ್ಲಿ ಪಿಷ್ಟದ ಕಣಗಳು ಉಬ್ಬಿ ಗಂಜಿಯಾಗಿ, ಬಲೆಯಿಲ್ಲದ ಕೊರತೆಯನ್ನು ಅಂಟಿನಿಂದ ತುಂಬಿಕೊಡುತ್ತವೆ. ಇಂಡಿ, ಸಿಂದಗಿ, ಬಾಗೇವಾಡಿಗಳ ಯಾವ ಅಡಿಗೆಮನೆಯಲ್ಲಿಯೂ ಈ ರಸಾಯನಶಾಸ್ತ್ರ ಗೊತ್ತಿಲ್ಲದವರಿಲ್ಲ, ಹೆಸರುಗಳು ಮಾತ್ರ ಗೊತ್ತಿಲ್ಲ.

ಹಾಗಾದರೆ ಗೋಧಿಯ ಹಿಟ್ಟಿನಲ್ಲಿ ಬಲೆ ಹುಟ್ಟದಂತೆ ಮಾಡುವುದು ಹೇಗೆ? ನೀರು ತಾಕುವ ಮೊದಲೇ ಹಿಟ್ಟಿನ ಪ್ರತಿಯೊಂದು ಕಣಕ್ಕೂ ಜಿಡ್ಡಿನ ಅಂಗಿ ತೊಡಿಸಬೇಕು. ಫ್ರೆಂಚರು ಇದಕ್ಕೆ ‘ಸಾಬ್ಲಾಜ್’, ಅಂದರೆ ಉಸುಕು ಮಾಡುವುದು, ಎನ್ನುತ್ತಾರೆ. ತಣ್ಣಗಿನ ಬೆಣ್ಣೆಯನ್ನು ಒಣ ಹಿಟ್ಟಿನಲ್ಲಿ ಹಾಕಿ ಬೆರಳ ತುದಿಗಳ ನಡುವೆ ಉಜ್ಜುತ್ತ ಹೋದರೆ, ಕೆಲವು ನಿಮಿಷಗಳಲ್ಲಿ ಹಿಟ್ಟೆಲ್ಲ ಒದ್ದೆ ಉಸುಕಿನಂತೆ ಹರಳುಹರಳಾಗುತ್ತದೆ. ನಾನು ಇದನ್ನು ಪುಸ್ತಕದಲ್ಲಿ ಓದಿ ತಾಯಿಗೆ ವಿವರಿಸಿದಾಗ ಅವಳು ನಕ್ಕಳು. ಶಂಕರಪಾಳಿಯ ಹಿಟ್ಟಿಗೆ ಜಿಡ್ಡು ಹಾಕಿ ಉಜ್ಜುವುದು, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಂತು, ಬೆರಳಿನಿಂದ ತಟ್ಟಿದರೆ ಉದುರಬೇಕೆಂದು ನೋಡುವುದು, ಇವು ಅವಳು ಪ್ರತಿ ವರ್ಷ ಮಾಡುವ ಕೆಲಸಗಳು. ಸಾಬ್ಲಾಜ್ ಎಂಬುದು ಅವಳ ಮನೆಯಲ್ಲೇ ಇತ್ತು. ಓದಲು ನಾನು ದೂರ ಹೋಗಿದ್ದೆ.

ಜಿಡ್ಡಿನ ಈ ಅಂಗಿ ಎಷ್ಟು ದಪ್ಪ? ಸ್ಥೂಲವಾಗಿ ಲೆಕ್ಕ ಹಾಕೋಣ. ಮೈದಾದ ಕಣಗಳೆಲ್ಲ 0.1 ಮಿಲಿಮೀಟರು ವ್ಯಾಸದ ಗೋಳಗಳೆಂದು ಭಾವಿಸಿರಿ. ಹಿಟ್ಟಿನ ಪದಾರ್ಥದ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಸುಮಾರು 1.45 ಗ್ರಾಂ. ಹಾಗಾದರೆ 150 ಗ್ರಾಂ ಹಿಟ್ಟಿನ ಗಾತ್ರ ಸುಮಾರು 103 ಘನ ಸೆಂಟಿಮೀಟರು. ಗೋಳದ ಮೇಲ್ಮೈಯನ್ನು ಅದರ ಗಾತ್ರದಿಂದ ಭಾಗಿಸಿದರೆ ಬರುವುದು ಆರನ್ನು ವ್ಯಾಸದಿಂದ ಭಾಗಿಸಿದಷ್ಟು. ಇಲ್ಲಿ ಸೆಂಟಿಮೀಟರಿನ ಲೆಕ್ಕದಲ್ಲಿ 600. ಎಂದರೆ ಒಟ್ಟು ಮೇಲ್ಮೈ ಸುಮಾರು 62,000 ಚದರ ಸೆಂಟಿಮೀಟರು, ಅಥವಾ 6.2 ಚದರ ಮೀಟರು. ಒಂದು ಬಟ್ಟಲು ಹಿಟ್ಟಿನಲ್ಲಿ ಎರಡೂವರೆ ಮೀಟರು ಉದ್ದ, ಎರಡೂವರೆ ಮೀಟರು ಅಗಲದ ಕೋಣೆಯ ನೆಲ ಅಡಗಿದೆ! ಆ ನೆಲವನ್ನೆಲ್ಲ ಸಾರಿಸಲು ನಮ್ಮ ಹತ್ತಿರ ಇರುವುದು 100 ಗ್ರಾಂ ಬೆಣ್ಣೆ. ಅದರಲ್ಲಿ ಜಿಡ್ಡು ಸುಮಾರು 80 ಗ್ರಾಂ, ಗಾತ್ರ 88 ಘನ ಸೆಂಟಿಮೀಟರು. 88ನ್ನು 62,000ದಿಂದ ಭಾಗಿಸಿದರೆ 0.0014 ಸೆಂಟಿಮೀಟರು. ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಜಿಡ್ಡನ್ನು ಅರ್ಧಕ್ಕೆ ಇಳಿಸಿದರೆ ಅಂಗಿ ಅಲ್ಲಲ್ಲಿ ಹರಿಯುವುದು, ಹರಿದ ಕಡೆ ನೀರು ನುಗ್ಗುವುದು, ನುಗ್ಗಿದ ಕಡೆ ಬಲೆ ಹುಟ್ಟುವುದು. ಬೆಣ್ಣೆಯ ಖರ್ಚನ್ನು ಕಡಿಮೆ ಮಾಡಬೇಕೆನ್ನುವ ಮನೆಯವರಿಗೆ ಈ ಲೆಕ್ಕವನ್ನು ತೋರಿಸಬಹುದು. ಬೀಸುವ ಕಲ್ಲಿನ ತುಸು ಉರುಟು ಹಿಟ್ಟಿಗೆ ಮೇಲ್ಮೈ ಕಡಿಮೆಯಾದ್ದರಿಂದ ಜಿಡ್ಡೂ ತುಸು ಕಡಿಮೆ ಸಾಕು.

ಎರಡನೆಯ ಪ್ರಯತ್ನವನ್ನು ನಾನು ಮೇ ತಿಂಗಳ ರಜೆಯಲ್ಲಿ ಮಾಡಿದೆ. ವಿಜಯಪುರದ ಬೇಸಗೆಯಲ್ಲಿ ನೆರಳಿನಲ್ಲಿಯೇ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದುಂಟು. ಉಜ್ಜುವಿಕೆ ಸರಿಯಾಗಿಯೇ ಇತ್ತು. ಆದರೂ ಪಾತ್ರೆಯ ಮುಚ್ಚಳ ತೆಗೆದಾಗ ಹನ್ನೆರಡು ಬಿಸ್ಕತ್ತುಗಳು ಕೂಡಿಕೊಂಡು ಒಂದೇ ಹಾಳೆಯಾಗಿದ್ದವು.

ಇದನ್ನು ತಿಳಿಯಲು ಜಿಡ್ಡಿನ ಸ್ವಭಾವವನ್ನು ಸ್ವಲ್ಪ ನೋಡಬೇಕು. ಮಂಜುಗಡ್ಡೆ ಸೊನ್ನೆ ಡಿಗ್ರಿಯಲ್ಲಿ ಕರಗುತ್ತದೆ. ಅದಕ್ಕೆ ನಿಶ್ಚಿತವಾದ ಒಂದು ಬಿಂದುವಿದೆ. ಬೆಣ್ಣೆಗೆ ಅಂಥ ಬಿಂದುವಿಲ್ಲ. ಜಿಡ್ಡೆಂಬುದು ಗ್ಲಿಸರಿನ್ ಮತ್ತು ಮೇದಾಮ್ಲಗಳ ಸಂಯೋಗವೆಂದು ತೋರಿಸಿಕೊಟ್ಟವನು ಶೆವ್ರ್ಯೂಲ್ ಎಂಬ ಫ್ರೆಂಚ್ ರಸಾಯನವಿಜ್ಞಾನಿ; ಅವನ ಗ್ರಂಥ 1823ರಲ್ಲಿ ಹೊರಬಂದಿತು. 1786ರಲ್ಲಿ ಹುಟ್ಟಿದ ಆತ 1889ರ ವರೆಗೆ ಬದುಕಿದ್ದನೆಂಬುದನ್ನು, ಬೆಣ್ಣೆಗೆ ಹೆದರುವವರ ಸಮಾಧಾನಕ್ಕಾಗಿ ಇಲ್ಲಿ ಹೇಳುತ್ತೇನೆ. ಅದರಿಂದ ಏನನ್ನೂ ಸಿದ್ಧಪಡಿಸುವ ಉದ್ದೇಶ ನನಗಿಲ್ಲ. ಬೆಣ್ಣೆಯಲ್ಲಿ ಹಲವಾರು ಬಗೆಯ ಮೇದಾಮ್ಲಗಳಿವೆ. ಅವುಗಳಿಂದಾದ ಅಣುಗಳಲ್ಲಿ ಕೆಲವು ತಂಪಿನಲ್ಲಿಯೂ ದ್ರವ, ಕೆಲವು 35 ಡಿಗ್ರಿ ದಾಟುವ ವರೆಗೂ ಘನ. ಆದ್ದರಿಂದ 15 ಡಿಗ್ರಿಯಲ್ಲಿ ಗಟ್ಟಿ, 20ರಲ್ಲಿ ಮೇಣದಂತೆ ಮಿದು, 30ರಲ್ಲಿ ಜಾರು, 40ರ ಹೊತ್ತಿಗೆ ಪೂರ್ಣ ದ್ರವ. ಉಜ್ಜುವ ಕೆಲಸಕ್ಕೆ ಬೇಕಾದದ್ದು ಮೇಣದ ಸ್ಥಿತಿ. ಮೇ ತಿಂಗಳಲ್ಲಿ ನನ್ನ ಹಿಟ್ಟಿನೊಳಗಿನ ಬೆಣ್ಣೆ ಒಲೆಯ ಹತ್ತಿರ ಬರುವ ಮೊದಲೇ ಕರಗಿತ್ತು. ಸಾಲದ್ದಕ್ಕೆ ನಾನು ಹೆದರಿ ಉರಿಯನ್ನು ಸಣ್ಣದು ಮಾಡಿದ್ದೆ. ಬಿಸ್ಕತ್ತಿಗೆ ಆಕಾರ ಕೊಟ್ಟು ನಿಲ್ಲಿಸುವ ಬದಲಾವಣೆಗಳು ನಡೆಯುವುದು, ನೀರು ಆರಿ ಹಿಟ್ಟು ಬಿಗಿಯುವುದು, ಬಿಸಿ ಸಾಕಷ್ಟು ಏರಿದ ಮೇಲೆ. ಜಿಡ್ಡು ಕರಗುವುದು ಮೊದಲು. ಈ ಎರಡರ ನಡುವಿನ ಕಾಲ ಹೆಚ್ಚಾದಷ್ಟೂ ಬಿಸ್ಕತ್ತು ಹೆಚ್ಚು ಹರಡುತ್ತದೆ. ಆದ್ದರಿಂದ ಕಣಕ ತಣ್ಣಗಿರಬೇಕು, ಒಲೆ ಮೊದಲೇ ಕಾದಿರಬೇಕು. ಸಕ್ಕರೆಯ ಹರಳು ದೊಡ್ಡದಾಗಿದ್ದರೂ ಅದು ತಡವಾಗಿ ಕರಗಿ ಬಿಸ್ಕತ್ತನ್ನು ಹರಡಿಸುತ್ತದೆ. ಆದ್ದರಿಂದ ಪುಡಿಸಕ್ಕರೆಯೇ ಒಳ್ಳೆಯದು.

ತಂಪುಪೆಟ್ಟಿಗೆಯಿಲ್ಲದ ಮನೆಯಲ್ಲಿ ಕಣಕವನ್ನು ತಣಿಸಲು ನೀರಿನ ಹರವಿಯನ್ನು ಬಳಸಬಹುದು. ಮಣ್ಣಿನ ಗೋಡೆಯಿಂದ ಒಸರಿದ ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 2,400 ಜೌಲು ಉಷ್ಣವನ್ನು ಕೊಂಡೊಯ್ಯುತ್ತದೆ. ಗಾಳಿ ಒಣಗಿದ್ದಷ್ಟೂ ಈ ಕೆಲಸ ಚುರುಕು. ನಮ್ಮ ಬೇಸಗೆಯ ಗಾಳಿ ಅತ್ಯಂತ ಒಣ. ಹರವಿಯ ನೀರು ಹೊರಗಿನ ಗಾಳಿಗಿಂತ ಹತ್ತು ಡಿಗ್ರಿಗೂ ಮಿಕ್ಕಿ ತಂಪಾಗಿರಬಲ್ಲದು. ಕಣಕವನ್ನು ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಟ್ಟು ಹರವಿಯಲ್ಲಿ ಮುಳುಗಿಸಿದರೆ ಮೇಣದ ಸ್ಥಿತಿಗೆ ಸಮೀಪಿಸುತ್ತದೆ. ಇದಕ್ಕಿಂತ ಸುಲಭವಾದ ಮಾರ್ಗ ಡಿಸೆಂಬರಿನ ವರೆಗೆ ಕಾಯುವುದು. ನಾನು ಕಾದೆ.

ಇನ್ನು ಒಲೆಯ ಮಾತು. ಹಳ್ಳಿಯ ಮನೆಯಲ್ಲಿ ಬಿಸ್ಕತ್ತು ಸುಡುವ ಪೆಟ್ಟಿಗೆ ಎಲ್ಲಿಂದ ಬರಬೇಕು? ಉಸುಕಿನ ಬಿಸ್ಕತ್ತಿಗೆ ಉಸುಕೇ ಒಲೆಯಾಗಲಿ ಎಂದುಕೊಂಡೆ. ದಪ್ಪ ತಳದ ಹಳೆಯ ಕಬ್ಬಿಣದ ಬೋಗುಣಿಯಲ್ಲಿ, ತೊಳೆದು ಬಿಸಿಲಿನಲ್ಲಿ ಒಣಗಿಸಿದ ಮೂರು ಕಿಲೋಗ್ರಾಂ ಉಸುಕನ್ನು ಹಾಕಿ, ಅದರ ಮೇಲೆ ಚಿಕ್ಕ ಕಬ್ಬಿಣದ ಬಳೆ, ಬಳೆಯ ಮೇಲೆ ಬಿಸ್ಕತ್ತಿನ ತಾಟು, ಎಲ್ಲಕ್ಕೂ ಮೇಲೆ ಮುಚ್ಚಳ. ಕೆಲವರು ಕುಕ್ಕರನ್ನು ಹೀಗೆ ಬಳಸುತ್ತಾರೆ. ಹಾಗೆ ಮಾಡುವವರು ಸೀಟಿಯನ್ನೂ ರಬ್ಬರಿನ ಬಳೆಯನ್ನೂ ಮರೆಯದೆ ತೆಗೆದಿಡಬೇಕು.

ಉಸುಕು ಇಲ್ಲಿ ಏನು ಮಾಡುತ್ತದೆ? ಬರಿಯ ಪಾತ್ರೆಯಾಗಿದ್ದರೆ ಉರಿಯ ನಾಲಗೆ ತಗಲುವ ಕಡೆ ತಳ ಅತಿಯಾಗಿ ಕಾಯುವುದು, ಉಳಿದ ಕಡೆ ಕಡಿಮೆ ಕಾಯುವುದು. ಉರಿ ಹೆಚ್ಚುಕಡಿಮೆಯಾದಂತೆ ಒಳಗಿನ ಉಷ್ಣತೆಯೂ ಕುಣಿಯುವುದು. ಒಣ ಉಸುಕಿನ ಕಣಗಳು ಒಂದನ್ನೊಂದು ಚುಕ್ಕೆಗಳಲ್ಲಷ್ಟೇ ಮುಟ್ಟುತ್ತವೆ, ನಡುವೆ ಗಾಳಿ ಸಿಕ್ಕಿಬಿದ್ದಿರುತ್ತದೆ. ಆದ್ದರಿಂದ ಅದರ ಉಷ್ಣವಾಹಕತೆ ತೀರ ಕಡಿಮೆ, ಲೋಹದ ನೂರನೆಯ ಒಂದು ಪಾಲೂ ಇಲ್ಲದಂಥದು. ಉಷ್ಣ ಅದರ ಮೂಲಕ ನಿಧಾನವಾಗಿ, ಎಲ್ಲ ಕಡೆ ಹರಡಿಕೊಂಡು ಏರುತ್ತದೆ. ಕೆಳಗಿನ ಏರಿಳಿತಗಳು ಮೇಲೆ ತಲಪುವಷ್ಟರಲ್ಲಿ ಸಮವಾಗಿರುತ್ತವೆ.

ಅಲ್ಲದೆ ಉಸುಕು ಉಷ್ಣದ ಕಣಜವೂ ಹೌದು. ಒಂದು ಕಿಲೋಗ್ರಾಂ ಉಸುಕಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 0.8 ಕಿಲೋಜೌಲು ಬೇಕು. ಮೂರು ಕಿಲೋಗ್ರಾಂ ಉಸುಕನ್ನು 30 ಡಿಗ್ರಿಯಿಂದ 180 ಡಿಗ್ರಿಗೆ ತರಲು 3 × 0.8 × 150, ಎಂದರೆ 360 ಕಿಲೋಜೌಲು. ಒಲೆಯಿಂದ ಪಾತ್ರೆಯೊಳಕ್ಕೆ ಸೆಕೆಂಡಿಗೆ 400 ಜೌಲು ಸೇರುತ್ತಿದ್ದರೆ ಇದಕ್ಕೆ 900 ಸೆಕೆಂಡು, ಹದಿನೈದು ನಿಮಿಷ. ಬಿಸ್ಕತ್ತುಗಳಿಗೆ ಬೇಕಾದ ಉಷ್ಣವೆಷ್ಟು? ನಮ್ಮ 300 ಗ್ರಾಂ ಕಣಕದಲ್ಲಿ ಬೆಣ್ಣೆಯ ನೀರು 16 ಗ್ರಾಂ, ಮೈದಾದಲ್ಲಿ ಮೊದಲೇ ಇರುವ ತೇವ ಸುಮಾರು 19 ಗ್ರಾಂ, ಒಟ್ಟು 35 ಗ್ರಾಂ ನೀರಿದೆ. ಬೆಂದ ಬಿಸ್ಕತ್ತಿನಲ್ಲಿ ಉಳಿಯಬೇಕಾದದ್ದು ಶೇಕಡ 3ರಷ್ಟು. ಹಾಗಾದರೆ ಸುಮಾರು 25 ಗ್ರಾಂ ನೀರು ಆವಿಯಾಗಿ ಹೋಗಬೇಕು. ಅದರ ಗುಪ್ತೋಷ್ಣಕ್ಕೆ 57 ಕಿಲೋಜೌಲು, ಕಣಕವನ್ನು 20 ಡಿಗ್ರಿಯಿಂದ ನೂರರ ಸಮೀಪಕ್ಕೆ ತರಲು 48 ಕಿಲೋಜೌಲು, ಒಟ್ಟು 105. ಒಲೆಯನ್ನು ಪೂರ್ತಿ ಆರಿಸಿಬಿಟ್ಟರೆ ಈ ವೆಚ್ಚದಿಂದ ಉಸುಕಿನ ಉಷ್ಣತೆ 44 ಡಿಗ್ರಿಯಷ್ಟು ಇಳಿಯುವುದು. ಆದ್ದರಿಂದ ಸಣ್ಣ ಉರಿ ಉಳಿದಿರಬೇಕು, ದೊಡ್ಡ ಉರಿ ಬೇಕಿಲ್ಲ. ಈ ಲೆಕ್ಕದ ಸತ್ಯಾಸತ್ಯವನ್ನು ಪರೀಕ್ಷಿಸಲು ಸುಡುವ ಮೊದಲು ಮತ್ತು ಆರಿದ ಮೇಲೆ ತಕ್ಕಡಿಯಲ್ಲಿ ತೂಗಿರಿ. 300 ಗ್ರಾಂ ಇದ್ದದ್ದು 275ರ ಹತ್ತಿರ ಬರಬೇಕು. ಬಾರದಿದ್ದರೆ ಬಿಸ್ಕತ್ತು ಒಳಗೆ ಹಸಿಯಾಗಿದೆ.

ಒಳಗಿನ ಉಷ್ಣತೆ 160ರಿಂದ 180 ಡಿಗ್ರಿಯ ನಡುವೆ ಇರಬೇಕು. ಪ್ರಯೋಗಶಾಲೆಯ ಪಾದರಸದ ಉಷ್ಣಮಾಪಕವನ್ನು ಅಡಿಗೆಮನೆಗೆ ತರಬೇಡಿರಿ, ಒಡೆದರೆ ಅಪಾಯ. ಲೋಹದ ಕಡ್ಡಿಯ ಮಾಪಕ ಸಿಕ್ಕದಿದ್ದರೆ ಸಕ್ಕರೆಯೇ ಮಾಪಕ. ಶುದ್ಧ ಸಕ್ಕರೆ ಸುಮಾರು 186 ಡಿಗ್ರಿಯಲ್ಲಿ ಕರಗುತ್ತದೆ. ತಾಟಿನ ಜಾಗದಲ್ಲಿ ಚಿಕ್ಕ ಬಟ್ಟಲಿನಲ್ಲಿ ಚಿಟಿಕೆ ಸಕ್ಕರೆಯಿಟ್ಟು ಹತ್ತು ನಿಮಿಷ ಮುಚ್ಚಿಡಿ. ಕರಗಿ ಕೆಂಪಾದರೆ ಬಿಸಿ ಮಿತಿಮೀರಿದೆ ಎಂದರ್ಥ.

ಮೂರನೆಯ ಸರದಿ ಡಿಸೆಂಬರಿನಲ್ಲಿ. ಆಕಾರ ನಿಂತಿತು, ಘಮವೂ ಬಂದಿತು. ಆದರೆ ಅಡಿ ಕರಿ, ನೆತ್ತಿ ಬಿಳಿ. ಉಸುಕಿನಿಂದ ಬಂದ ಬಿಸಿ ತಾಟಿನ ತಳವನ್ನು ನೇರವಾಗಿ ಮುಟ್ಟುತ್ತದೆ. ಬಿಸ್ಕತ್ತಿನ ಮೇಲ್ಭಾಗ ಕಾಯಬೇಕಾದರೆ ಮುಚ್ಚಳದ ವಿಕಿರಣವೇ ಗತಿ. ತೆಳ್ಳಗಿನ ಮುಚ್ಚಳವೋ ಹೊರಗಿನ ತಂಪುಗಾಳಿಗೆ ತನ್ನ ಬಿಸಿಯನ್ನು ದಾನ ಮಾಡುತ್ತಿರುತ್ತದೆ. ಇದಕ್ಕೆ ಪರಿಹಾರವನ್ನು ಆಯಿಯೇ ಸೂಚಿಸಿದಳು: “ಮ್ಯಾಲ ನಾಕು ಕೆಂಡ ಹಾಕಲಾ.” ವಸ್ತುವೊಂದು ಸೂಸುವ ವಿಕಿರಣವು ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆಂದು ಕಾಲೇಜಿನ ವಿದ್ಯಾರ್ಥಿಗಳು ಓದಿದ್ದಾರೆ. ಮುಚ್ಚಳದ ಉಷ್ಣತೆ 180 ಡಿಗ್ರಿಯಿಂದ 250 ಡಿಗ್ರಿಗೆ ಏರಿದರೆ, ನಿರಪೇಕ್ಷ ಮಾನದಲ್ಲಿ ಅದು 453ರಿಂದ 523ಕ್ಕೆ ಏರಿದಂತೆ. ಅನುಪಾತ 1.15 ಮಾತ್ರ. ಆದರೆ ನಾಲ್ಕನೆಯ ಘಾತ ತೆಗೆದರೆ ಸುಮಾರು 1.8. ನಾಲ್ಕು ಕೆಂಡಗಳಿಂದ ಮೇಲಿನಿಂದ ಸುರಿಯುವ ವಿಕಿರಣ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕೆಂಡದ ಮುಚ್ಚಳವನ್ನು ಇಕ್ಕಳದಿಂದಲೇ ಎತ್ತಬೇಕೆಂದು ಚಿಕ್ಕವರಿಗೆ ಬೇರೆ ಹೇಳಬೇಕಾಗಿಲ್ಲ.

ಬಿಸ್ಕತ್ತಿನ ಅಂಚು ಹೊಂಬಣ್ಣಕ್ಕೆ ತಿರುಗುವುದು ಪ್ರೋಟೀನಿನ ಅಂಶಗಳೂ ಕೆಲವು ಬಗೆಯ ಸಕ್ಕರೆಗಳೂ ಬಿಸಿಯಲ್ಲಿ ಸಂಯೋಗ ಹೊಂದುವುದರಿಂದ. ಈ ಕ್ರಿಯೆಯನ್ನು 1912ರಲ್ಲಿ ಪ್ರಕಟಿಸಿದವನೂ ಒಬ್ಬ ಫ್ರೆಂಚನೇ, ಮೈಯಾರ್ ಎಂಬಾತ. ಬೆಣ್ಣೆಯಲ್ಲಿ ಹಾಲಿನ ಅಂಶ ಉಳಿದಿರುವುದರಿಂದ ಬಣ್ಣವೂ ಘಮವೂ ಬೇಗ ಬರುತ್ತವೆ. ಕಾಸಿ ಸೋಸಿದ ತುಪ್ಪದಲ್ಲಿ ಆ ಅಂಶವಿಲ್ಲ. ನಾನಖಟಾಯಿ ಬೆಳ್ಳಗಿರುವುದಕ್ಕೆ ಇದೂ ಒಂದು ಕಾರಣ. ಬೆಣ್ಣೆಯ ಬದಲು ತುಪ್ಪ ಹಾಕುವವರು 80 ಗ್ರಾಂ ತುಪ್ಪಕ್ಕೆ ಒಂದು ಚಮಚ ಹಾಲು ಕೂಡಿಸಿದರೆ ಲೆಕ್ಕ ಸರಿಹೋಗುತ್ತದೆ. ತುಪ್ಪವನ್ನು ತಾಟಿನಲ್ಲಿ ಅಂಗೈಯಿಂದ ಬೆಳ್ಳಗಾಗುವ ವರೆಗೆ ತಿಕ್ಕುವ ಪದ್ಧತಿಯನ್ನು ಕಂಡವರು ಇದ್ದೀರಿ. ಹಳದಿ ತುಪ್ಪ ಬೆಳ್ಳಗಾಗುವುದೇಕೆ? ಹರಳುಗಳು ಒಡೆದು ಸಣ್ಣವಾಗುತ್ತವೆ, ನಡುವೆ ಗಾಳಿಯ ಗುಳ್ಳೆಗಳು ಸೇರುತ್ತವೆ, ಬೆಳಕು ಎಲ್ಲ ದಿಕ್ಕಿಗೂ ಚದರುತ್ತದೆ. ಹಾಲಿನ ನೊರೆ ಬೆಳ್ಳಗಿರುವಂತೆಯೇ. ಆ ಗುಳ್ಳೆಗಳು ಮುಂದೆ ಉಪಯೋಗಕ್ಕೆ ಬರುತ್ತವೆ. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 1.7 ಲೀಟರು ಜಾಗ ಬೇಡುತ್ತದೆ. ಆವಿ ತನಗೆ ಹೊಸ ಮನೆ ಕಟ್ಟಿಕೊಳ್ಳುವುದಕ್ಕಿಂತ, ಮೊದಲೇ ಇರುವ ಗುಳ್ಳೆಯನ್ನು ಹೊಕ್ಕು ಹಿಗ್ಗಿಸುವುದು ಸುಲಭ.

ನಾಲ್ಕನೆಯ ಸರದಿಯಲ್ಲಿ ಒಂದು ಸೆಂಟಿಮೀಟರು ದಪ್ಪದ ಬಿಲ್ಲೆಗಳನ್ನು ಇಟ್ಟೆ. ಇಪ್ಪತ್ತು ನಿಮಿಷಕ್ಕೆ ಅಂಚು ಹೊಂಬಣ್ಣವಾಯಿತು. ಹೊರತೆಗೆದ ಕೂಡಲೆ ಮುಟ್ಟಬಾರದು. ಆಗ ಜಿಡ್ಡು ದ್ರವ, ಸಕ್ಕರೆಯೂ ಪಾಕ. ಬಿಸ್ಕತ್ತು ಕೈಗೆ ಬಂದರೆ ಕುಸಿಯುತ್ತದೆ. ಕಾಲು ತಾಸಿನಲ್ಲಿ ಸಕ್ಕರೆ ಗಾಜಿನಂತೆ ಬಿಗಿದು, ಜಿಡ್ಡು ಹೆಪ್ಪುಗಟ್ಟಿ, ಹರಳುಗಳನ್ನು ಹಿಡಿದು ನಿಲ್ಲಿಸುತ್ತದೆ.

ಮೊದಲ ಸರದಿಯ ಹಂಚಿನ ಚೂರುಗಳನ್ನು ನಾನು ಎಸೆದಿರಲಿಲ್ಲ. ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಒಂದನ್ನಿಟ್ಟು, ನಡುವೆ ದಾರದಿಂದ ತೂಕದ ಕಲ್ಲುಗಳನ್ನು ತೂಗಹಾಕಿ ನೋಡಿದೆ. ಅನಂತರ ಅದೇ ದಪ್ಪದ ನಾಲ್ಕನೆಯ ಸರದಿಯದನ್ನು ಇಟ್ಟೆ. ಹಳೆಯದು ಕಲ್ಲಿನ ಮೇಲೆ ಕಲ್ಲು ಹೊತ್ತು ಕಡೆಗೆ ಠಪ್ಪೆಂದು ಎರಡೇ ಚೂರಾಯಿತು. ಹೊಸದು ಬಹಳ ಬೇಗ ಸೋತು, ಮುರಿದ ಕಡೆ ಉಸುಕನ್ನು ಚೆಲ್ಲಿತು. ಇಂಥ ಪ್ರಯೋಗವನ್ನು ಶಾಲೆಯಲ್ಲಿ ಮಾಡುವವರು ದಪ್ಪ ಒಂದೇ ಇರುವಂತೆ ನೋಡಿಕೊಳ್ಳಬೇಕು. ದಪ್ಪ ಇಮ್ಮಡಿಯಾದರೆ ತೊಲೆಯೊಂದು ಹೊರುವ ಭಾರ ನಾಲ್ಮಡಿಯಾಗುತ್ತದೆ. ಗ್ರಿಫಿತ್ ಎಂಬ ಇಂಗ್ಲಿಷ್ ಎಂಜಿನಿಯರನು 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಗಾಜಿನಂಥ ಪದಾರ್ಥಗಳು ಮುರಿಯುವುದು ಅವುಗಳಲ್ಲಿ ಮೊದಲೇ ಇರುವ ಸೂಕ್ಷ್ಮವಾದ ಬಿರುಕುಗಳಿಂದ ಎಂದು ತೋರಿಸಿದನು. ಬಿರುಕಿನ ತುದಿಯಲ್ಲಿ ಬಲವೆಲ್ಲ ಒಟ್ಟುಗೂಡುತ್ತದೆ. ಹಂಚಿನ ಚೂರಿನಲ್ಲಿ ಬಿರುಕು ಹಬ್ಬಲು ಗ್ಲೂಟೆನ್ನಿನ ಒಣಗಿದ ಬಲೆಯನ್ನು ಹರಿಯಬೇಕು. ಸಾಬ್ಲೆಯಲ್ಲಿ ಹರಳು ಹರಳಿನ ನಡುವೆಯೂ ಜಿಡ್ಡಿನ ಗೆರೆಯಿದೆ, ಗುಳ್ಳೆಯಿದೆ. ಬಿರುಕು ಸಿದ್ಧವಾಗಿಯೇ ಇದೆ. ಜೊತೆಗೆ ಬಾಯಿಯ ಉಷ್ಣತೆ 37 ಡಿಗ್ರಿ. ಹರಳುಗಳನ್ನು ಹಿಡಿದಿದ್ದ ಬೆಣ್ಣೆ ಅಲ್ಲಿ ಬಹುಮಟ್ಟಿಗೆ ಕರಗಿಯೇ ಹೋಗುತ್ತದೆ. ಹಲ್ಲಿನ ಕೆಲಸವನ್ನು ಉಷ್ಣವೇ ಮಾಡುತ್ತದೆ.

ಬಿಸ್ಕತ್ತನ್ನು ಡಬ್ಬಿಯಲ್ಲಿ ಇಡುವ ವಿಷಯ ಒಂದು ಮಾತಿನಲ್ಲಿ ಮುಗಿಯುತ್ತದೆ. ಶೇಕಡ 3ರಷ್ಟೇ ತೇವವಿರುವ ವಸ್ತು ಗಾಳಿಯಿಂದ ನೀರನ್ನು ಎಳೆದುಕೊಂಡು ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಬಿಗಿ ಮುಚ್ಚಳ ಬೇಕು. ಮೆತ್ತಗಾದದ್ದನ್ನು ಬಿಸಿ ಉಸುಕಿನ ಮೇಲೆ ಐದು ನಿಮಿಷವಿಟ್ಟರೆ ಮತ್ತೆ ಮೊದಲಿನಂತಾಗುವುದು.

ಆಯಿ ಮೊದಲನೆಯ ಬಿಲ್ಲೆಯನ್ನು ನಾಲಗೆಯ ಮೇಲಿಟ್ಟು ಬಾಯಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ಕುಳಿತಳು. “ಉಸುಕಿನಂಗ ಉದುರ್ತದಲ್ಲೋ ತಮ್ಮಾ” ಎಂದಳು. ಫ್ರೆಂಚರ ಹೆಸರನ್ನು ನಾನು ಅವಳಿಗೆ ಹೇಳಿರಲಿಲ್ಲ. ಎರಡನೆಯದನ್ನು ತಿಂದು, ಮೈದಾ ರುಚಿಯಿಲ್ಲದ ಹಿಟ್ಟು, ಜೋಳ ಹಾಕಲಿಕ್ಕೆ ಬರುವುದಿಲ್ಲವೇ ಎಂದು ಕೇಳಿದಳು. ಬಲೆ ಬೇಡವೆನ್ನುವ ಬಿಸ್ಕತ್ತಿಗೆ, ಬಲೆಯೇ ಇಲ್ಲದ ಜೋಳಕ್ಕಿಂತ ತಕ್ಕ ಹಿಟ್ಟು ಯಾವುದು? ಬರಿ ಜೋಳದಿಂದ ಮಾಡಿದಾಗ ಬಿಲ್ಲೆಗಳು ತಾಟಿನಿಂದ ಎತ್ತುವ ಮೊದಲೇ ಪುಡಿಯಾದವು. ಹಿಡಿದು ನಿಲ್ಲಿಸುವಷ್ಟು ಅಂಟಾದರೂ ಬೇಕು. 50 ಗ್ರಾಂ ಜೋಳದ ಹಿಟ್ಟಿಗೆ 100 ಗ್ರಾಂ ಮೈದಾ ಕೂಡಿಸಿದಾಗ ಸರಿಹೋಯಿತು. ಜೋಳದ ಹಿಟ್ಟನ್ನು ಮೊದಲು ಬಾಣಲೆಯಲ್ಲಿ ಘಮ ಬರುವಂತೆ ಹುರಿದು, ಪೂರ್ತಿ ಆರಿಸಿ, ವಸ್ತ್ರಗಾಳಿ ಮಾಡಿ ಬೆರೆಸಬೇಕು. ಬಿಸಿಯಾಗಿರುವಾಗ ಬೆರೆಸಿದರೆ ಬೆಣ್ಣೆ ಕರಗಿ, ಮೇ ತಿಂಗಳ ಕಥೆಯೇ ಮತ್ತೆ ನಡೆಯುವುದು. ಆ ಸರದಿಯ ಡಬ್ಬಿಯನ್ನು ಆಯಿ ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿಕೊಂಡಳು.